ಮಿಲ್ಲು, ಭಟ್ಟಿ, ಗಣಿ, ಗೋಡೆ: ದಾವಣಗೆರೆ, ಚಿತ್ರದುರ್ಗದ ಒಂದು ಸುತ್ತು

ದಾವಣಗೆರೆಗೆ ಬಂದವರು ಬೆಣ್ಣೆ ದೋಸೆ ತಿನ್ನುತ್ತಾರೆ. ಚಿತ್ರದುರ್ಗಕ್ಕೆ ಹೋದವರು ಕೋಟೆ ಹತ್ತಿ ಓಬವ್ವನ ಕಿಂಡಿ ನೋಡಿಕೊಂಡು ಬರುತ್ತಾರೆ. ನಾನೂ ಹಾಗೆ ಹೋಗಿ ಬಂದವನೇ. ಈ ಸಲ ಮಾತ್ರ ಬೇರೆ ಉದ್ದೇಶ ಇಟ್ಟುಕೊಂಡು ಹೊರಟೆ. ಒಂದೂರಿಗೆ ಒಂದು ಮಿಲ್ಲು ಬರುತ್ತದೆ, ಇಲ್ಲವೇ ಗಣಿ, ಇಲ್ಲವೇ ದೊಡ್ಡ ಸರ್ಕಾರಿ ಸಂಸ್ಥೆ. ಬಂದ ಮೇಲೆ ಅಕ್ಕಪಕ್ಕದ ಜನರ ಬದುಕು ಏನಾಗುತ್ತದೆ? ಅದು ಬಾಗಿಲು ಹಾಕಿದರೆ ಏನಾಗುತ್ತದೆ? ಇದನ್ನೆಲ್ಲ ಒಂದೇ ಸುತ್ತಿನಲ್ಲಿ ನೋಡುವುದಕ್ಕೆ ಕರ್ನಾಟಕದಲ್ಲಿ ಈ ಎರಡು ಜಿಲ್ಲೆಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಶುಕ್ರವಾರ, ದಾವಣಗೆರೆ

ರೈಲು ಇಳಿದು, ರೂಮಿನಲ್ಲಿ ಬ್ಯಾಗ್ ಇಟ್ಟು, ಮೊದಲು ಹೋಗಿದ್ದು ಡಿಸಿಎಂ ಟೌನ್‌ಶಿಪ್ ಕಡೆಗೆ. ಡಿಸಿಎಂ ಅಂದರೆ ದಾವಣಗೆರೆ ಕಾಟನ್ ಮಿಲ್. 1936ರಲ್ಲಿ ಶುರುವಾಯಿತು. ಆಮೇಲೆ ಒಂದರ ಹಿಂದೆ ಒಂದು ಮಿಲ್ಲುಗಳು ಎದ್ದವು. ಸುತ್ತಲೂ ಕಪ್ಪು ಮಣ್ಣು, ಹೊಲದ ತುಂಬಾ ಹತ್ತಿ, ಊರ ನಡುವೆಯೇ ರೈಲು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಸುಮ್ನೆ ಬಂದದ್ದಲ್ಲ.

ಈಗ ಆ ಮಿಲ್ಲುಗಳಿಲ್ಲ. ಯಂತ್ರ ಹಳೆಯದಾದವು. ಪವರ್‌ಲೂಮ್ ಬಟ್ಟೆ, ಪಾಲಿಯೆಸ್ಟರ್ ಬಟ್ಟೆ ಅಗ್ಗಕ್ಕೆ ಸಿಗತೊಡಗಿದವು. ಭದ್ರಾ ನಾಲೆಯ ನೀರು ಬಂದ ಕಡೆ ರೈತರು ಹತ್ತಿ ಬಿಟ್ಟು ಭತ್ತ ಹಿಡಿದರು. ತೋಳಹುಣಸೆಯ ಯಲ್ಲಮ್ಮ ಮಿಲ್ಲು ಕೇಂದ್ರ ಸರ್ಕಾರದ ಜವಳಿ ನಿಗಮದ ಕೈಗೆ ಹೋದರೂ ಉಳಿಯಲಿಲ್ಲ. ಅದೇ ತೋಳಹುಣಸೆಯಲ್ಲಿ ಈಗ ದಾವಣಗೆರೆ ವಿಶ್ವವಿದ್ಯಾಲಯ ಇದೆ.

ಮಧ್ಯಾಹ್ನ ನಿಟ್ಟುವಳ್ಳಿಯ ಒಂದು ಚಹಾದಂಗಡಿ ಮುಂದೆ ಹಿರಿಯರೊಬ್ಬರು ಸಿಕ್ಕರು. ಎಂಬತ್ತರ ಹತ್ತಿರದ ವಯಸ್ಸು. ಹೆಗಲ ಮೇಲೆ ಟವಲ್ಲು. ಮಿಲ್ಲಿನ ವಿಷಯ ಎತ್ತಿದ್ದೇ ತಡ, ಬೆಂಚಿನ ಮೇಲೆ ಜಾಗ ಬಿಟ್ಟರು.

"ಮಿಲ್ ಕೂಗಿದ್ರೆ ಊರೇ ಎದ್ದು ಕುಂದರ್ತಿತ್ತು ತಮ್ಮಾ. ಗಡಿಯಾರ ಯಾರ ಮನಿಯಾಗಿತ್ತು? ಕೂಗು ಕೇಳಿ ಅಡಿಗಿ ಮಾಡೋರು, ಕೂಗು ಕೇಳಿ ಹುಡುಗ್ರನ್ನ ಸಾಲಿಗೆ ಕಳ್ಸೋರು."

ಅವರು ಮೊದಲು ಬದ್ಲಿ ಕೆಲಸಕ್ಕೆ ಸೇರಿದವರು. ಬದ್ಲಿ ಅಂದರೆ ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು. ಕಾಯಂ ಕೆಲಸಗಾರ ಯಾರಾದರೂ ಬರದಿದ್ದರೆ ಒಳಗೆ ಕರೆಯುತ್ತಾರೆ. ಇಲ್ಲದಿದ್ದರೆ ಮನೆಗೆ. ಹೀಗೆ ಎಷ್ಟೋ ಕಾಲ ನಿಂತ ಮೇಲೆ ಕಾಯಂ ಆಯಿತಂತೆ. "ಯೂನಿಯನ್ ಇರ್ಲಿಲ್ಲ ಅಂದ್ರ ಸಾಯೋತನ ಬದ್ಲಿನೇ ಆಗಿರ್ತಿದ್ದೆ" ಅಂದರು.

ಇದೇ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ದಾವಣಗೆರೆಯ ಮಿಲ್ಲುಗಳ ಕಥೆ ಹೇಳುವಾಗ ನಾವು ಮಾಲೀಕರ ಹೆಸರು ಹೇಳುತ್ತೇವೆ. ಹೇಳಲೇಬೇಕು. ವ್ಯಾಪಾರದಲ್ಲಿ ದುಡಿದದ್ದನ್ನು ಊರಿಗೆ ಕೊಟ್ಟ ಮನೆತನಗಳು ಇಲ್ಲಿವೆ. ರಾಜನಹಳ್ಳಿ ಮನೆತನದ ಛತ್ರ, ಕಾಲೇಜುಗಳು ಇವೆ. ಜಿಲ್ಲಾಸ್ಪತ್ರೆಗೆ ಇವತ್ತಿಗೂ ಚಿಗಟೇರಿ ಆಸ್ಪತ್ರೆ ಅಂತಲೇ ಹೆಸರು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು, 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂತು. ಮಿಲ್ಲುಗಳು ಸೊರಗಿದ ಮೇಲೆ ಊರನ್ನು ಎತ್ತಿ ಹಿಡಿದದ್ದು ಈ ಕಾಲೇಜುಗಳೇ. ಹಾಸ್ಟೆಲ್ಲು, ಮೆಸ್ಸು, ಜೆರಾಕ್ಸ್ ಅಂಗಡಿ, ಬಾಡಿಗೆ ರೂಮು, ಎಷ್ಟು ಮನೆಗಳ ಒಲೆ ಅದರಿಂದ ಉರಿಯುತ್ತಿದೆಯೋ.

ಆದರೆ ದುಡಿಯುವವರು ತಾವೇ ಕಟ್ಟಿಕೊಂಡದ್ದೂ ಇದೆ. ಮಿಲ್ ಕಾರ್ಮಿಕರ ಸಂಘಟನೆ ಇಲ್ಲಿ ಎಷ್ಟು ಗಟ್ಟಿ ಇತ್ತು ಅಂದರೆ, ಕಾರ್ಮಿಕ ನಾಯಕ ಪಂಪಾಪತಿ ಅವರನ್ನು ಊರು 1978, 1983, 1985ರಲ್ಲಿ ಸಾಲಾಗಿ ವಿಧಾನಸಭೆಗೆ ಕಳಿಸಿತು. ಅದೂ ಕಮ್ಯುನಿಸ್ಟ್ ಪಕ್ಷದಿಂದ! ಪಾಳಿ, ಬೋನಸ್ಸು, ಕಾಯಂ ಕೆಲಸ, ಇವೆಲ್ಲ ಗೇಟಿನ ಮುಂದೆ ಕೂತು ಕೇಳಿ ಪಡೆದದ್ದು. ನಿಟ್ಟುವಳ್ಳಿಯ ಇಎಸ್‌ಐ ಆಸ್ಪತ್ರೆ ಮುಂದೆ ಹಾದು ಬಂದೆ. ಕಾರ್ಮಿಕನ ಕೂಲಿಯಲ್ಲಿ ಒಂದು ಪಾಲು, ಮಾಲೀಕನಿಂದ ಒಂದು ಪಾಲು ಸೇರಿ ನಡೆಯುವ ವ್ಯವಸ್ಥೆ ಅದು. ದಾನದ ಆಸ್ಪತ್ರೆಯೂ ಬೇಕು, ಹಕ್ಕಿನ ಆಸ್ಪತ್ರೆಯೂ ಬೇಕು. ದಾನ ಕೊಟ್ಟವರ ಹೆಸರು ಕಲ್ಲಿನ ಮೇಲಿರುತ್ತದೆ. ಗೇಟಿನ ಮುಂದೆ ಕೂತವರ ಹೆಸರು ಎಲ್ಲೂ ಇರುವುದಿಲ್ಲ. ಅದು ನನಗೆ ಸರಿ ಅನಿಸುವುದಿಲ್ಲ.

ಮಿಲ್ಲು ಮುಚ್ಚಿದಾಗ ಏನು ಮಾಡಿದಿರಿ ಅಂತ ಕೇಳಿದೆ. ತರಕಾರಿ ಗಾಡಿ ತಳ್ಳಿದರಂತೆ. ಹೆಂಡತಿ ನಾಲ್ಕು ಮನೆ ಕೆಲಸ ಹಿಡಿದರಂತೆ. ಮಗ ಈಗ ಮೆಡಿಕಲ್ ಶಾಪಿನಲ್ಲಿದ್ದಾನೆ. "ನಾವು ಬಡವ್ರೇ, ಆದ್ರ ಮಿಲ್ಲಿನೋರು ಅಂತ ಒಂದು ಬೆಲಿ ಇತ್ತು. ಸಾಲ ಕೊಡೋರು ಯೋಚನಿ ಮಾಡ್ತಿರ್ಲಿಲ್ಲ" ಅಂದರು. ಚಹಾದ ದುಡ್ಡು ಕೊಡಲು ನನಗೆ ಬಿಡಲಿಲ್ಲ.

ಶನಿವಾರ, ಮಂಡಕ್ಕಿ ಭಟ್ಟಿ

ದಾವಣಗೆರೆಯಲ್ಲಿ ಸಂಜೆ ಐದಾದರೆ ಮಂಡಕ್ಕಿ ಮಿರ್ಚಿ ಇಲ್ಲದೆ ಹೊತ್ತು ಹೋಗುವುದಿಲ್ಲ. ಆ ಮಂಡಕ್ಕಿ ಎಲ್ಲಿಂದ ಬರುತ್ತದೆ ಅಂತ ತಿನ್ನುವವರು ಹೆಚ್ಚಿನವರು ನೋಡಿರುವುದಿಲ್ಲ. ನೋಡಬೇಕಾದರೆ ನಸುಕಿನಲ್ಲೇ ಹೋಗಬೇಕು. ಬಿಸಿಲೇರಿದ ಮೇಲೆ ಆ ಸೆಕೆಯಲ್ಲಿ ನಿಲ್ಲುವುದು ಯಾರಿಗೂ ಆಗದು, ಅದಕ್ಕೇ ಕೆಲಸ ಕತ್ತಲಲ್ಲೇ ಶುರು.

ಆಜಾದ್ ನಗರದ ಆಚೆಗೆ ಮಂಡಕ್ಕಿ ಭಟ್ಟಿ ಅಂತಲೇ ಒಂದು ಬಡಾವಣೆ ಇದೆ. ಸಾಲು ಸಾಲು ಶೆಡ್ಡುಗಳು, ಒಂದೊಂದಕ್ಕೂ ಒಂದು ಹೊಗೆ ಕೊಳವೆ. ಕೆಲಸದವರ ಮನೆಗಳೂ ಅಲ್ಲೇ, ಗೋಡೆಗೆ ಗೋಡೆ ತಾಗಿಕೊಂಡು. ಪರಿಚಯದವರೊಬ್ಬರು ಒಂದು ಭಟ್ಟಿಯ ಒಳಗೆ ಕರೆದುಕೊಂಡು ಹೋದರು.

ಮಂಡಕ್ಕಿ ಮಾಡುವುದು ನಾವಂದುಕೊಂಡಷ್ಟು ಸುಲಭ ಅಲ್ಲ. ಭತ್ತವನ್ನು ಬಿಸಿ ನೀರಲ್ಲಿ ನೆನೆಸಬೇಕು, ಹುರಿಯಬೇಕು, ಒಣಗಿಸಿ ಅಕ್ಕಿ ಮಾಡಿಸಬೇಕು. ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ ಮತ್ತೆ ಒಣಗಿಸಬೇಕು. ಇಷ್ಟಾದ ಮೇಲೆ ಭಟ್ಟಿಯ ಸರದಿ. ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಮರಳು ಕಾದು ಕೆಂಪೇರಿತ್ತು. ಹುರಿಯುವವನು ಒಂದು ಬೊಗಸೆ ಅಕ್ಕಿ ಎಸೆದ. ಒಂದು, ಎರಡು, ಮೂರು ಅನ್ನುವಷ್ಟರಲ್ಲಿ ಚಟಪಟ ಅಂತ ಸದ್ದು. ಬಾಣಲೆ ತುಂಬಾ ಬೆಳ್ಳಗಾಯಿತು. ಒಂದೇ ಏಟಿಗೆ ಎತ್ತಿ ಜರಡಿಗೆ ಹಾಕಿದ. ಮರಳು ಕೆಳಗೆ ಇಳಿಯಿತು, ಮಂಡಕ್ಕಿ ಮೇಲೆ ಉಳಿಯಿತು. ಒಂದು ಗಳಿಗೆ ತಡವಾದರೂ ಸೀದು ಹೋಗುತ್ತದೆ. ಆತ ಬಾಣಲೆಯ ಕಡೆ ನೋಡುತ್ತಲೇ ಇರಲಿಲ್ಲ. ಸದ್ದು ಕೇಳಿಯೇ ಕೈ ಆಡಿಸುತ್ತಿದ್ದ. ಮುಂಗೈ ಮೇಲೆ ಕೂದಲೇ ಇರಲಿಲ್ಲ. ವರ್ಷಗಟ್ಟಲೆ ಬೆಂಕಿ ಮುಂದೆ ನಿಂತದ್ದರ ಗುರುತು.

ಈಗ ಇಲ್ಲಿ ಉರಿಸುತ್ತಿದ್ದದ್ದು ಭತ್ತದ ಹೊಟ್ಟು. ಹಿಂದೆ ಹಳೇ ಟೈರು ಹಾಕಿ ಉರಿಸುತ್ತಿದ್ದ ಭಟ್ಟಿಗಳು ಬಹಳ ಇದ್ದವು. ಟೈರು ಅಗ್ಗ, ಉರಿ ಜೋರು. ಆದರೆ ಆ ಕಪ್ಪು ಹೊಗೆ ಎಲ್ಲಿಗೆ ಹೋಗಬೇಕು? ಪಕ್ಕದ ಮನೆಗೆ, ಅಲ್ಲಿ ಮಲಗಿದ್ದ ಮಗುವಿನ ಎದೆಗೆ. ಊರವರು ದೂರು ಕೊಟ್ಟರು, ಅಧಿಕಾರಿಗಳು ನೋಟಿಸು ಕೊಟ್ಟರು, ಪತ್ರಿಕೆಗಳು ಬರೆದವು. 2016ರಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ಆಯ್ಕೆಯಾಯಿತು. ಈ ಭಟ್ಟಿಗಳನ್ನು ಸುಧಾರಿಸುವುದೂ ಆ ಯೋಜನೆಯ ಒಂದು ಭಾಗವಾಗಿತ್ತು.

ಹೊರಗೆ ಹೆಂಗಸರಿಬ್ಬರು ಚೀಲ ಹೊಲಿಯುತ್ತಿದ್ದರು. ಹತ್ತಿರ ಹೋಗಿ ಮಾತಾಡಿಸಿದೆ.

"ಅಕ್ಕಾ, ಹೊಗೆ ಈಗ ಕಮ್ಮಿ ಆಗೈತಾ?"

"ಕಮ್ಮಿ ಆಗೈತಿ ಅಣ್ಣ. ಕೆಮ್ಮು ಕಮ್ಮಿ ಆಗಿಲ್ಲ" ಅಂದರು ದೊಡ್ಡವರು. ಚಿಕ್ಕಾಕೆ ತಲೆ ಎತ್ತದೆ, "ಭಟ್ಟಿ ಮುಚ್ಚಿಸ್ತೀವಿ ಅಂತ ಬರೋರು ಮೊದ್ಲು ನಮ್ಗೆ ಏನು ಕೆಲ್ಸ ಕೊಡ್ತೀರಿ ಅಂತ ಹೇಳ್ಲಿ" ಅಂದಳು.

ಭಟ್ಟಿಯ ಮಾಲೀಕನೂ ಅಂಥ ದೊಡ್ಡ ಸಾಹುಕಾರ ಏನಲ್ಲ. ಅದೇ ಓಣಿಯಲ್ಲಿ, ಅದೇ ಹೊಗೆಯಲ್ಲಿ ಅವನ ಮನೆಯೂ ಇರುತ್ತದೆ. ಇಲ್ಲಿ ಶ್ರೀಮಂತ ಕಂಪನಿ, ಬಡ ಊರು ಅನ್ನೋ ಸುಲಭದ ಲೆಕ್ಕ ನಡೆಯುವುದಿಲ್ಲ. ಹೊಸ ಒಲೆಗೆ ದುಡ್ಡು ಬೇಕು, ಅದನ್ನು ಹಾಕುವ ಶಕ್ತಿ ಒಬ್ಬೊಬ್ಬರಿಗೇ ಇರುವುದಿಲ್ಲ. ಮಿಲ್ಲಿನವರಿಗೆ ಯೂನಿಯನ್ ಇತ್ತು. ದಿನಗೂಲಿಗೋ ಚೀಲದ ಲೆಕ್ಕಕ್ಕೋ ದುಡಿಯುವ ಈ ಹೆಂಗಸರ ಪರವಾಗಿ ಮೇಜಿನ ಮುಂದೆ ಕೂತು ಮಾತಾಡುವವರು ಯಾರು? ಹೊಗೆ ಇಲ್ಲದ ಒಲೆಗೆ ಸಾಲ, ಜೊತೆಗೆ ಕೆಲಸದವರಿಗೆ ಆರೋಗ್ಯದ ಕಾರ್ಡು, ಎರಡೂ ಒಟ್ಟಿಗೇ ಬರಬೇಕು ಅಂತ ನನಗನ್ನಿಸಿತು. ಒಂದನ್ನು ಬಿಟ್ಟು ಇನ್ನೊಂದು ಕೊಟ್ಟರೆ ಪ್ರಯೋಜನ ಇಲ್ಲ.

ಭಾನುವಾರ, ಹರಿಹರ

ದಾವಣಗೆರೆಯಿಂದ ಹರಿಹರ ಕೂಗಳತೆ ದೂರ. ಬಸ್ಸು ಹತ್ತಿ ಕೂತು ಕಿಟಕಿ ಸರಿಮಾಡಿಕೊಳ್ಳುವಷ್ಟರಲ್ಲಿ ಬಂತು. ಹರಿಹರೇಶ್ವರನ ಗುಡಿಗೆ ಹೋಗಿ ಕೈಮುಗಿದು ಬಂದೆ. ಹೊಯ್ಸಳರ ಕಾಲದ ಗುಡಿ, ಕಂಬಗಳು ನುಣುಪು ಅಂದರೆ ನುಣುಪು. ಅಲ್ಲಿಂದ ಯಂತ್ರಾಪುರದ ಕಡೆಗೆ ಹೊರಟೆ.

ಮೈಸೂರು ಕಿರ್ಲೋಸ್ಕರ್ ಇಲ್ಲಿ ಶುರುವಾದದ್ದು 1941ರಲ್ಲಿ. ಮೈಸೂರು ಸಂಸ್ಥಾನದ ಕಾಲ. ಲೇತ್, ಅಂದರೆ ಕಬ್ಬಿಣದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರಗಳನ್ನು ಮಾಡುವ ಕಾರ್ಖಾನೆ. ಕಾರ್ಖಾನೆ ಅಂದರೆ ಬರೀ ಶೆಡ್ಡು ಅಲ್ಲ, ಅದರ ಸುತ್ತ ಕಾಲೊನಿ, ಶಾಲೆ, ಆಟದ ಬಯಲು, ಮರಗಳ ಸಾಲು, ಎಲ್ಲ ಬಂದವು. ಇಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಐಟಿಐಗಳಿಗೆ, ವರ್ಕ್‌ಶಾಪುಗಳಿಗೆ ಹೋದವು. 2000ದ ದಶಕದ ಶುರುವಿನಲ್ಲಿ ಕಾರ್ಖಾನೆ ನಿಂತಿತು. ಕಂಪ್ಯೂಟರ್ ನಡೆಸುವ ಯಂತ್ರಗಳ ಕಾಲ ಬಂದಿತ್ತು.

ಊರಿನ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಭಾನುವಾರವಾದರೂ ಕೆಲಸ ನಡೆದಿತ್ತು. ಟ್ರ್ಯಾಕ್ಟರಿನದ್ದೊಂದು ಶಾಫ್ಟು ಲೇತಿನ ಮೇಲೆ ತಿರುಗುತ್ತಿತ್ತು. ಟೂಲು ತಾಗಿದ ಕಡೆ ಕಬ್ಬಿಣದ ಸುರುಳಿ ನೀಲಿ ಬಣ್ಣಕ್ಕೆ ತಿರುಗಿ ಕೆಳಗೆ ಬೀಳುತ್ತಿತ್ತು. ಸುಟ್ಟ ಎಣ್ಣೆಯ ವಾಸನೆ. ಲೇತಿನ ಹಸಿರು ಬಣ್ಣ ಅಲ್ಲಲ್ಲಿ ಉದುರಿದ್ದರೂ ಮೈ ಮೇಲೆ ಎದ್ದ ಕಿರ್ಲೋಸ್ಕರ್ ಅನ್ನುವ ಅಕ್ಷರಗಳು ಹಾಗೇ ಇದ್ದವು. ವರ್ಕ್‌ಶಾಪಿನ ಯಜಮಾನರು ಅದರ ಬೆಡ್ಡಿನ ಮೇಲೆ ಬೆರಳಾಡಿಸಿ, "ನೋಡ್ರಿ ಸರ್, ನನಗಿಂತ ಹಿರೇದು ಇದು. ಇನ್ನೂ ಸವದಿಲ್ಲ" ಅಂದರು. ಅವರಿಗೆ ಕೆಲಸ ಕಲಿಸಿದವರು ಆ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಈಗ ಇವರು ಇಬ್ಬರು ಹುಡುಗರಿಗೆ ಕಲಿಸುತ್ತಿದ್ದಾರೆ. ಅದರಲ್ಲೊಬ್ಬ ಮೈಕ್ರೋಮೀಟರ್ ಹಿಡಿದು, ಉಸಿರು ಬಿಗಿಹಿಡಿದು ಅಳತೆ ನೋಡುತ್ತಿದ್ದ. ಕಾರ್ಖಾನೆ ಹೋದರೂ ಕಸುಬು ಉಳಿದಿದೆ. ಒಂದು ಕಂಪನಿ ಊರಿಗೆ ಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ ಹೇಳಿ. ಸಂಬಳ ಬಂದ ತಿಂಗಳೇ ಮುಗಿಯುತ್ತದೆ, ಕೈಗೆ ಹತ್ತಿದ ವಿದ್ಯೆ ಮುಗಿಯುವುದಿಲ್ಲ.

ಊಟ ಮುಗಿಸಿ ತುಂಗಭದ್ರೆಯ ಸೇತುವೆ ಮೇಲೆ ನಿಂತೆ. ಈಚೆ ದಡ ದಾವಣಗೆರೆ ಜಿಲ್ಲೆ. ಆಚೆ ದಡ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಅಲ್ಲಿ ಕುಮಾರಪಟ್ಟಣ. ಹೆಸರಿನಲ್ಲಿ ಹರಿಹರ ಇದ್ದರೂ ಹರಿಹರ ಪಾಲಿಫೈಬರ್ಸ್ ಇರುವುದು ಆ ದಡದಲ್ಲಿ. ಬಿರ್ಲಾ ಗುಂಪಿನ ಗ್ರಾಸಿಮ್ ಕಂಪನಿಯದು, 1972ರಲ್ಲಿ ಶುರುವಾಯಿತು. ನೀಲಗಿರಿ ಮರವನ್ನು ಬೇಯಿಸಿ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. ಸಾವಿರಾರು ಜನಕ್ಕೆ ಕೆಲಸ ಕೊಟ್ಟಿತು. ಅದೇ ಹೊತ್ತಿಗೆ ಅದರ ಕೊಳೆನೀರು ನದಿಗೆ ಸೇರಿತು. ಕೆಳಗಿನ ನದಿಹರಳಹಳ್ಳಿ, ಐರಣಿ, ಹಿರೇಬಿದರಿ ಕಡೆಯ ಜನಕ್ಕೆ ಆ ನದಿಯೇ ಕುಡಿಯುವ ನೀರು, ಅದೇ ಮೀನು, ಅದೇ ದನಕರುಗಳ ಮಡು. 1980ರ ದಶಕದಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದಾಗ ಜನ ಎದ್ದರು. ತುಂಗಭದ್ರಾ ಪರಿಸರ ಸಮಿತಿ ಕಟ್ಟಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಅವರ ಜೊತೆ ನಿಂತಿತು.

ನದಿಯ ಜಗಳದಿಂದಲೇ ಇನ್ನೊಂದು ಜಗಳ ಹುಟ್ಟಿತು. ಕಾರ್ಖಾನೆಗೆ ಮರ ಬೇಕು. 1984ರಲ್ಲಿ ಸರ್ಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಮಾಡಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನನ್ನು ನೀಲಗಿರಿ ಬೆಳೆಯುವುದಕ್ಕೆ ಕೊಡುವ ಯೋಜನೆ. ಕಾಗದದಲ್ಲಿ ಅದು ಸರ್ಕಾರಿ ಜಮೀನು. ಊರವರ ಪಾಲಿಗೆ ದನ ಮೇಯುವ ಗುಡ್ಡ, ಸೌದೆ ಆಯುವ ಜಾಗ, ಹಬ್ಬಕ್ಕೆ ಎಲೆ ತರುವ ಕುರುಚಲು ಕಾಡು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ನೀಲಗಿರಿ ಸಸಿ ಕಿತ್ತರು, ಅದೇ ಗುಂಡಿಯಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಹೆಸರಾಯಿತು. ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಹೊಲ, ಎರಡರಲ್ಲೂ ಬಿಡದೆ ನಿಂತರು. ಕೊನೆಗೆ 1991ರಲ್ಲಿ ಆ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಬೇಕಾಯಿತು. ಕಾರ್ಖಾನೆ ಮಾತ್ರ ಮುಚ್ಚಲಿಲ್ಲ, ಇವತ್ತಿಗೂ ಇದೆ.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಕಿತ್ತಿದ್ದಲ್ಲ, ನೆಟ್ಟದ್ದು. ಬೇಡ ಅಂದ ಜನ ನಮಗೆ ಬೇಕಾದ್ದು ಇದು ಅಂತಲೂ ಅದೇ ದಿನ ತೋರಿಸಿದರು. ಹಾಗೆ ತೋರಿಸುವುದಕ್ಕೆ ಮೊದಲೇ ಊರೂರಲ್ಲಿ ಕೂತು ಮಾತಾಡಿರಬೇಕು, ಅಲ್ವಾ? ಯಾವ ಗಿಡ, ಯಾರು ನೀರು ಹಾಕಬೇಕು, ಎಲ್ಲ.

ಸೋಮವಾರ, ಸಿರಿಗೆರೆ ಮತ್ತು ಭೀಮಸಮುದ್ರ

ಸೋಮವಾರವೇ ಸಿರಿಗೆರೆಗೆ ಹೋಗಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ತರಳಬಾಳು ಮಠದ ನ್ಯಾಯಪೀಠ ನಡೆಯುವುದು ಸೋಮವಾರ. ಗಂಡಹೆಂಡಿರ ಜಗಳ, ಅಣ್ಣತಮ್ಮಂದಿರ ಹೊಲದ ಗಡಿ, ಕೊಟ್ಟ ಸಾಲ, ಎಲ್ಲ ಇಲ್ಲಿಗೆ ಬರುತ್ತವೆ. ಕೋರ್ಟಿನ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ಅಲೆಯಲಾರದವರು ಇಲ್ಲಿ ಎರಡೂ ಕಡೆಯವರು ಎದುರುಬದುರು ನಿಂತು ಹೇಳಿಕೊಳ್ಳುತ್ತಾರೆ. ಬುತ್ತಿ ಕಟ್ಟಿಕೊಂಡು ಬಂದ ಕುಟುಂಬಗಳನ್ನು ನೋಡಿದೆ. ವಕೀಲರ ಫೀಜು ಉಳಿಯಿತಲ್ಲ ಅನ್ನೋದೇ ಅವರಿಗೊಂದು ಸಮಾಧಾನ.

ಈ ಮಠ ನೀರಿಗಾಗಿಯೂ ಹೆಣಗಿದೆ. ಭರಮಸಾಗರದ ಕೆರೆ ಪಾಳೆಯಗಾರ ಭರಮಣ್ಣ ನಾಯಕನ ಕಾಲದ್ದು, ವರ್ಷಗಟ್ಟಲೆ ಒಣಗಿ ಬಿದ್ದಿತ್ತು. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತುಂಬಿಸುವ ಯೋಜನೆಗೆ ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಸರ್ಕಾರದ ಬೆನ್ನು ಬಿದ್ದರು. 2021ರಲ್ಲಿ ನೀರು ಬಂತು. ಸುತ್ತಲ ಹತ್ತಾರು ಕೆರೆಗಳಿಗೂ ಇದರಿಂದಲೇ ನೀರು. ಕೆರೆ ತುಂಬಿದ ಮೇಲೆ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿದೆ ಅಂತ ರೈತರು ಮುಖ ಅರಳಿಸಿ ಹೇಳಿದರು. ನನಗೂ ಖುಷಿಯಾಯಿತು. ಆದರೂ ಒಂದು ಮಾತು ಹೇಳಬೇಕು. ಕೆರೆಗೆ ನೀರು ತರಿಸುವುದು ಪಂಚಾಯಿತಿ, ಶಾಸಕರು ಮಾಡಬೇಕಾದ ಕೆಲಸ. ಮಠ ಕೇಳಿದರೆ ಮಾತ್ರ ನಡೆಯುತ್ತದೆ ಅಂತಾದರೆ, ಅಂಥ ಮಠ ಇಲ್ಲದ ಊರಿನ ಕೆರೆಗಳ ಗತಿ ಏನು?

ಅಲ್ಲಿಂದ ಭೀಮಸಮುದ್ರ. ದೊಡ್ಡ ಕೆರೆ, ಕೆರೆ ಕೆಳಗೆ ಅಡಿಕೆ ತೋಟ, ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಇದೇ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು. ಚೀನಾದಲ್ಲಿ ಅದಿರಿಗೆ ಬೇಡಿಕೆ ಏರಿದ ವರ್ಷಗಳಲ್ಲಿ ಈ ರಸ್ತೆಗಳಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ತೋಟದವರೊಬ್ಬರು ಆ ಕಾಲ ನೆನೆಸಿಕೊಂಡು, "ಅಡಕಿ ಸೋಗೆ ಕೆಂಪಗಾಗಿರ್ತಿತ್ತು ಸರ್. ಗೊನೆ ಇಳ್ಸೋಕೆ ಮರ ಹತ್ತಿದೋನು ಕೆಳಗೆ ಬಂದ್ರೆ ಹೋಳಿ ಆಡಿದಂಗೆ ಕಾಣ್ತಿದ್ದ" ಅಂದರು. ಹಿಂಗಾರದ ಮೇಲೆ, ಅಂದರೆ ಅಡಿಕೆಯ ಹೂಗೊಂಚಲಿನ ಮೇಲೆ, ಧೂಳು ಕೂತರೆ ಕಾಯಿ ಕಟ್ಟುವುದಿಲ್ಲ ಅನ್ನುವುದು ಅವರ ಅನುಭವ. ಅವರ ಪಕ್ಕದಲ್ಲೇ ಕೂತಿದ್ದ ಇನ್ನೊಬ್ಬರದು ಬೇರೆ ಮಾತು. ಅವರಿಗೆ ಸ್ವಂತ ಲಾರಿ ಇತ್ತು, ಸಾಲ ಮಾಡಿ ತಂದದ್ದು. ಗಣಿ ನಿಂತ ಮೇಲೆ ಕಂತು ಕಟ್ಟಲಾಗದೆ ಮಾರಿದರು. ಇಬ್ಬರೂ ಒಂದೇ ಓಣಿಯವರು, ಒಂದೇ ಕಟ್ಟೆ ಮೇಲೆ ಕೂತು ಎಲೆಅಡಿಕೆ ಹಾಕುತ್ತಾರೆ.

ಗಣಿ ನಿಂತದ್ದು 2011ರಲ್ಲಿ. ಸುಪ್ರೀಂ ಕೋರ್ಟು ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನದ್ದನ್ನೂ ನಿಲ್ಲಿಸಿತು. ಆ ಕೇಸು ಹಾಕಿದ್ದು ಯಾರು ಗೊತ್ತಾ? ತುಂಗಭದ್ರೆಯ ದಡದಲ್ಲಿ ಮೀನು ಸತ್ತಾಗ ನಿಂತಿದ್ದ ಅದೇ ಸಮಾಜ ಪರಿವರ್ತನ ಸಮುದಾಯ. ನದಿಯ ನೀರಿಗಾಗಿ ಕಲಿತ ಪಟ್ಟುಗಳು ಗುಡ್ಡಕ್ಕೂ ಆದವು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ನಿಯಮ ಬಹಳ ಮೀರಿದ ಸಿ ಗುಂಪಿನ ಗುತ್ತಿಗೆ ರದ್ದಾದವು. ವರ್ಷಕ್ಕೆ ಇಷ್ಟೇ ಟನ್ ತೆಗೆಯಬೇಕು ಅಂತ ಮಿತಿ ಬಂತು. ಮೊದಲು ಚಿತ್ರದುರ್ಗ, ತುಮಕೂರು ಎರಡೂ ಸೇರಿ 50 ಲಕ್ಷ ಟನ್, ಆಮೇಲೆ ಅದು ಏರುತ್ತಾ ಬಂದಿದೆ. 2015ರಲ್ಲಿ ಕಾನೂನು ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ತಂದರು. ಗಣಿ ಕಂಪನಿಗಳು ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ ಅದರ ಒಂದು ಪಾಲಿನಷ್ಟನ್ನು ಗಣಿ ಪೀಡಿತ ಊರುಗಳಿಗೆಂದೇ ಕಟ್ಟಬೇಕು. ಹಳೇ ಗುತ್ತಿಗೆಯಾದರೆ ರಾಜಧನದ ಶೇ. 30, ಹರಾಜಿನಲ್ಲಿ ಪಡೆದದ್ದಾದರೆ ಶೇ. 10.

ಈ ದುಡ್ಡು ಯಾವುದಕ್ಕೆ ಖರ್ಚಾಗಬೇಕು ಅನ್ನುವಲ್ಲಿ ಗಣಿ ಪೀಡಿತ ಹಳ್ಳಿಗಳ ಗ್ರಾಮಸಭೆಗೂ ಮಾತಿದೆ. ಕಟ್ಟೆ ಮೇಲಿದ್ದ ಇಬ್ಬರನ್ನೂ ಕೇಳಿದೆ, ಗ್ರಾಮಸಭೆಗೆ ಹೋಗ್ತೀರಾ ಅಂತ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಧೂಳು ತಿಂದವರೇ ಸಭೆಗೆ ಹೋಗದಿದ್ದರೆ ಆ ದುಡ್ಡಲ್ಲಿ ಆಸ್ಪತ್ರೆಯ ಬದಲು ಸ್ವಾಗತ ಕಮಾನು ಏಳುತ್ತದೆ. ದಯವಿಟ್ಟು ಹೋಗಿ ಅಂತ ಕೈಮುಗಿದು ಹೇಳಿ ಬಂದೆ. ರಾತ್ರಿಗೆ ಚಿತ್ರದುರ್ಗ ಸೇರಿದೆ.

ಮಂಗಳವಾರ, ಚಳ್ಳಕೆರೆ

ಚಳ್ಳಕೆರೆ ಹತ್ತಿರವಾಗುತ್ತಿದ್ದಂತೆ ಬಯಲು ಬಿಚ್ಚಿಕೊಳ್ಳುತ್ತದೆ. ಮರ ಕಡಿಮೆ, ಹುಲ್ಲು ಜಾಸ್ತಿ. ಹೊರಗಿನವರಿಗೆ ಬರಡು ಅಂತ ಕಾಣುವ ಈ ಬಯಲುಗಳೇ ಅಮೃತ ಮಹಲ್ ಕಾವಲುಗಳು, ಅಂದರೆ ಅರಸರ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳು. ಆ ದನಗಳನ್ನು ನೋಡಿಕೊಳ್ಳುವ ಇಲಾಖೆಗೆ ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಹೈದರ್, ಟಿಪ್ಪು ಇಲ್ಲಿಯ ಎತ್ತುಗಳಿಂದ ಫಿರಂಗಿ ಎಳೆಸಿದರು. ಕೃಷ್ಣಮೃಗ ಈ ಹುಲ್ಲಿನಲ್ಲೇ ಬದುಕುತ್ತದೆ. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಕುರುಬರ, ಗೊಲ್ಲರ ಕುರಿಗಳು, ಎಲ್ಲಕ್ಕೂ ಇದೇ ಹುಲ್ಲು.

ಚಳ್ಳಕೆರೆಯಲ್ಲಿ ಒಬ್ಬರ ಮನೆಯ ಮುಂದೆ ಕಂಬಳಿ ನೇಯುವುದನ್ನು ನೋಡಿದೆ. ಕರಿ ಉಣ್ಣೆಯ ನೂಲನ್ನು ಅಂಗಳದುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜ ಅರೆದು ಕಾಸಿದ ಗಂಜಿಯನ್ನು ಕುಂಚದಿಂದ ಬಳಿಯುತ್ತಿದ್ದರು. ಆ ಗಂಜಿ ಹಿಡಿದರೇ ನೂಲು ಮಗ್ಗದಲ್ಲಿ ತಡೆಯುತ್ತದೆ. ಕೈಗೆ ಒರಟು, ಆದರೆ ಮಳೆ ನೀರು ಜಾರಿ ಹೋಗುವ ಕಂಬಳಿ. ಹುಲ್ಲು ಇದ್ದರೆ ಕುರಿ, ಕುರಿ ಇದ್ದರೆ ಉಣ್ಣೆ, ಉಣ್ಣೆ ಇದ್ದರೆ ಮಗ್ಗ.

ಈ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು 2010ರ ಆಚೀಚೆಗೆ ದೊಡ್ಡ ಸಂಸ್ಥೆಗಳಿಗೆ ಕೊಡಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000 ಎಕರೆಗೂ ಜಾಸ್ತಿ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500, ಇಸ್ರೋಗೆ 573. ದೇಶಕ್ಕೆ ಇವೆಲ್ಲ ಬೇಕು. ಚಾಲಕರಿಲ್ಲದ ವಿಮಾನಗಳ ಪರೀಕ್ಷೆಗೆ ಇಲ್ಲಿ ರನ್‌ವೇ ಇದೆ, 2017ರಲ್ಲಿ ಉದ್ಘಾಟನೆ ಆಯಿತು. ಕುದಾಪುರದ ಕ್ಯಾಂಪಸ್ಸಿನಲ್ಲಿ ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅದು ನಿಜಕ್ಕೂ ಒಳ್ಳೆಯ ಕೆಲಸ, ಅಲ್ಲಿ ಕಲಿತ ಮೇಷ್ಟ್ರು ಹಳ್ಳಿ ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸುತ್ತಾರೆ.

ಆದರೆ ದೊಡ್ಡ ಉಳ್ಳಾರ್ತಿಯ ಸುತ್ತಲಿನ ಎಷ್ಟೋ ಜನಕ್ಕೆ ವಿಷಯ ಗೊತ್ತಾದದ್ದು ಕಾವಲಿಗೆ ಗೋಡೆ ಏಳತೊಡಗಿದ ಮೇಲೆ. ಆಗ ಪ್ರತಿಭಟನೆಗಳು ನಡೆದವು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಅನ್ನೋ ಪರಿಸರ ಸಂಸ್ಥೆ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಷ್ಟರಲ್ಲಿ ಕಾಗದ ಪತ್ರ ಎಲ್ಲ ಮುಗಿದಿತ್ತು, ಗೋಡೆ ಉಳಿಯಿತು. ದಾವಣಗೆರೆಯ ಮಿಲ್ಲಿನವರು ಗೇಟಿನ ಮುಂದೆ ಕೂರುವುದಕ್ಕಾದರೂ ಆಯಿತು. ಕುಸನೂರಿನವರಿಗೆ ಸಸಿ ಬೇರು ಬಿಡುವ ಮೊದಲೇ ಸುದ್ದಿ ಮುಟ್ಟಿತ್ತು. ಇಲ್ಲಿಯವರಿಗೆ ಹೇಳಿದವರೇ ಇಲ್ಲ.

ಗೋಡೆಯ ಬದಿಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬರು ಸಿಕ್ಕರು.

"ಈಗ ಎಲ್ಲಿ ಮೇಯಿಸ್ತೀರಿ ಯಜಮಾನ್ರೇ?"

"ಎಲ್ಲಿ ಬಿಟ್ರೆ ಅಲ್ಲಿ ಕಣಪ್ಪ. ಸುಗ್ಗಿ ಆದ್ಮೇಲೆ ಹೊಲ ಬಿಡ್ತಾರೆ, ಆವಾಗ ಪರವಾಗಿಲ್ಲ. ಮಳೆಗಾಲದಾಗೇ ತ್ರಾಸು. ಹುಲ್ಲೆಲ್ಲ ಒಳಗೈತೆ."

ಗೋಡೆ ಕೆಡವಿ ಅಂತ ಅವರು ಹೇಳಲಿಲ್ಲ. ನಾನೂ ಹೇಳುತ್ತಿಲ್ಲ. ಒಳಗೆ ಕಟ್ಟಡ, ರನ್‌ವೇ ಇಲ್ಲದ ಕಡೆ ಹುಲ್ಲು ಬೆಳೆಯುತ್ತದೆ. ಭದ್ರತೆಯ ತೊಂದರೆ ಇಲ್ಲದ ಭಾಗಗಳಲ್ಲಿ, ಮಳೆಗಾಲದಲ್ಲಿ, ಸುತ್ತಲ ಹಳ್ಳಿಗಳ ಕುರಿಗಾಹಿಗಳ ಸಂಘಕ್ಕೆ ಗುರುತಿನ ಚೀಟಿ ಕೊಟ್ಟು ಹುಲ್ಲು ಕೊಯ್ದುಕೊಳ್ಳಲು ಬಿಡಬಹುದು. ಕಂಬಳಿ ಸಹಕಾರ ಸಂಘಗಳಿಂದ ಕ್ಯಾಂಪಸ್ಸಿನ ಹಾಸ್ಟೆಲ್ಲುಗಳಿಗೆ ಕಂಬಳಿ ಕೊಳ್ಳಬಹುದು. ವರ್ಷಕ್ಕೆರಡು ಸಲ ಉಳ್ಳಾರ್ತಿ, ಕುದಾಪುರ, ವರವು ಕಾವಲಿನ ಸುತ್ತಲ ಪಂಚಾಯಿತಿಯವರನ್ನು ಒಳಗೆ ಕರೆದು ಕೂರಿಸಿ, ಮುಂದೇನು ಕಟ್ಟುತ್ತೇವೆ, ನೀರು ಎಲ್ಲಿಂದ ತರುತ್ತೇವೆ ಅಂತ ಕನ್ನಡದಲ್ಲಿ ಹೇಳಬಹುದು. ಇದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ. ಇಷ್ಟನ್ನು ಬರೆದು ಮೂರೂ ಕಡೆಯ ಪಂಚಾಯಿತಿಗಳಿಗೆ ಕೊಡಬೇಕು ಅಂತ ಅಂದುಕೊಂಡಿದ್ದೇನೆ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಒಂದು ಅರ್ಜಿ ಬರೆಯಿರಿ. ಮುಂದಿನ ಗ್ರಾಮಸಭೆಯಲ್ಲೇ ಇಡಿ.